ಹೊಳೆ, ಕೊಳೆ, ಹೊಲೆ

ಹೊಳೆಯನ್ನು ಮೊದಲಿನಂತೆ ಮಾಡಬೇಕು ಎಂಬ ಮಾತು ಈಗ ನಮ್ಮ ಸಕಲೇಶಪುರ, ಆಲೂರು ಸೀಮೆಯಲ್ಲಿ ಬಹಳ ಜನರ ಬಾಯಲ್ಲಿದೆ. ತೋಟದ ಸಾಹುಕಾರರು ಹೇಳ್ತಾರೆ, ಸಂಘ ಸಂಸ್ಥೆಯವರು ಹೇಳ್ತಾರೆ, ಶನಿವಾರ ಭಾನುವಾರ ಬೆಂಗಳೂರಿನಿಂದ ಬಂದು ಹೋಂಸ್ಟೇಯಲ್ಲಿ ಉಳಿದು ಹೋಗುವವರೂ ಹೇಳ್ತಾರೆ. ಮಾತು ಒಳ್ಳೆಯದೇ. ಆದರೆ ಗೆಳೆಯರೇ, ಮೊದಲು ಅಂದರೆ ಯಾವಾಗ? ನಮ್ಮ ಅಜ್ಜಿಯರ ಕಾಲದಲ್ಲಿ ನೀರು ತಿಳಿಯಾಗಿತ್ತು, ಮಡುವಿನ ತಳದ ಕಲ್ಲು ಕಾಣುತ್ತಿತ್ತು, ಇದು ನಿಜ. ಅದೇ ಹೊಳೆಯಲ್ಲಿ ಊರಿನವರು ನೀರಿಗಿಳಿಯುವ ಜಾಗ ಮೇಲ್ಗಡೆ ಇತ್ತು, ದನ ತೊಳೆಯುವ ಜಾಗ ಅದರ ಕೆಳಗಿತ್ತು, ನಮ್ಮವರ ಜಾಗ ಅದಕ್ಕೂ ಕೆಳಗಿತ್ತು, ಇದೂ ಅಷ್ಟೇ ನಿಜ. ಮೊದಲಿನಂತೆ ಮಾಡುವವರು ಇದನ್ನೂ ಮೊದಲಿನಂತೆ ಮಾಡ್ತಾರೋ? ಹಾಗಂತ ಯಾರೂ ಹೇಳುವುದಿಲ್ಲ. ನಾವು ಕೇಳಿದರೆ, ಪರಿಸರದ ವಿಷಯದಲ್ಲಿ ಜಾತಿ ಯಾಕ್ರಪ್ಪಾ ತರ್ತೀರಿ ಅಂತ ಮುಖ ಸಿಂಡರಿಸುತ್ತಾರೆ. ತಂದವರು ನಾವಲ್ಲ. ಅದು ನೀರಿನೊಳಗೇ ಇತ್ತು.

ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯ ಹತ್ತಿರ, ಬಲ್ಲಾಳರಾಯನದುರ್ಗದ ಬೆಟ್ಟಸಾಲಿನಲ್ಲಿ. ಸಕಲೇಶಪುರ ಪೇಟೆಯ ಮಗ್ಗುಲಲ್ಲಿ ಹಾದು, ಆಲೂರಿನ ಕಡೆಗಿಳಿದು, ಗೊರೂರಿನ ಅಣೆಕಟ್ಟೆಗೆ ಸಿಕ್ಕಿ, ಹೊಳೆನರಸೀಪುರ ದಾಟಿ, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುವ ಹೊತ್ತಿಗೆ ಸುಮಾರು 245 ಕಿಲೋಮೀಟರ್ ನಡೆದಿರುತ್ತದೆ. ನಕ್ಷೆಯಲ್ಲಿ ಅದು ನದಿ, ಪೂಜೆಯಲ್ಲಿ ಗಂಗೆ, ನಮ್ಮ ಬಾಯಲ್ಲಿ ಹೊಳೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಬರಹಗಳಲ್ಲಿ ಈ ಹೊಳೆ ನಗುನಗುತ್ತಾ ಹರಿದಿದೆ. ಅವರ ನಗೆಯ ಬಗ್ಗೆ ನಮಗೇನೂ ತಕರಾರಿಲ್ಲ. ಆದರೆ ಅದು ಮೇಲ್ಗಡೆ ನಿಂತವರಿಗೆ ಕಂಡ ಹೊಳೆ. ಕೆಳಗಡೆ ನಿಂತವರಿಗೆ ಕಂಡದ್ದು ಬೇರೆ.

ಕನ್ನಡದಲ್ಲಿ ಹೊಳೆ, ಕೊಳೆ, ಹೊಲೆ ಎಂಬ ಮೂರು ಮಾತುಗಳು ಒಂದೊಂದು ಅಕ್ಷರದ ದೂರದಲ್ಲಿವೆ. ಕೊಳೆ ಕಣ್ಣಿಗೆ ಕಾಣುತ್ತದೆ, ಮೂಗಿಗೆ ಬಡಿಯುತ್ತದೆ, ತೊಳೆದರೆ ಹೋಗುತ್ತದೆ. ಹೊಲೆ ಅಂದರೆ ಮೈಲಿಗೆ. ಅದು ಕಾಣುವುದಿಲ್ಲ, ನಾರುವುದಿಲ್ಲ, ತೊಳೆದರೂ ಹೋಗುವುದಿಲ್ಲ, ಹುಟ್ಟುವಾಗಲೇ ಅಂಟಿರುತ್ತದೆ ಎಂದು ನಂಬಿಸಲಾಗಿದೆ. ನಮ್ಮನ್ನು ಆ ಮಾತಿನಿಂದಲೇ ಕರೆದರು. ಈ ಕೊಳೆಯನ್ನೂ ಆ ಹೊಲೆಯನ್ನೂ ಬೇಕೆಂದೇ ಒಂದೇ ಗಂಟು ಕಟ್ಟಿ ಅದರ ಮೇಲೆ ‘ಶುದ್ಧಿ’ ಎಂಬ ಚೀಟಿ ಅಂಟಿಸಿದ್ದು ಪುರೋಹಿತಶಾಹಿಯ ಹುನ್ನಾರ. ಹಾಗಾಗಿ ಇವತ್ತು ಯಾರಾದರೂ ನದಿಯನ್ನು ಶುದ್ಧ ಮಾಡ್ತೀವಿ ಅಂದಾಗ, ಯಾವುದರಿಂದ ಶುದ್ಧ, ಕೊಳೆಯಿಂದಲೋ ನಮ್ಮಿಂದಲೋ ಅಂತ ಕೇಳುವ ಹಕ್ಕು ನಮಗಿದೆ.

ಇದು ಬಾಯಿಮಾತಿನ ಜಗಳ ಅಂದುಕೊಳ್ಳಬೇಡಿ. 1927ರ ಮಾರ್ಚ್ 20ರಂದು ಬಾಬಾಸಾಹೇಬ್ ಅಂಬೇಡ್ಕರ್ ಮಹಾಡಿನ ಚವದಾರ್ ಕೆರೆಗೆ ಸಾವಿರಾರು ಜನರ ಜೊತೆ ನಡೆದು ಹೋಗಿ ಬೊಗಸೆಯಲ್ಲಿ ನೀರು ಕುಡಿದರು. ಪುರಸಭೆ 1924ರಲ್ಲೇ ಆ ಕೆರೆ ಎಲ್ಲರಿಗೂ ಮುಕ್ತ ಅಂತ ಠರಾವು ಮಾಡಿತ್ತು. ಠರಾವು ಕಾಗದದ ಮೇಲೆ ಒಣಗುತ್ತಿತ್ತು. ನಮ್ಮವರು ನೀರು ಮುಟ್ಟಿದ ಮೇಲೆ ಆ ಊರಿನ ಸವರ್ಣೀಯರು ಮಾಡಿದ್ದೇನು? ಸೆಗಣಿ, ಗೋಮೂತ್ರ, ಹಾಲು, ಮೊಸರು ಬೆರೆಸಿ ಗಡಿಗೆಗಟ್ಟಲೆ ಕೆರೆಗೆ ಸುರಿದು ಮಂತ್ರ ಹೇಳಿಸಿದರು. ಅದಕ್ಕೆ ಅವರಿಟ್ಟ ಹೆಸರು ಕೆರೆಯ ಶುದ್ಧೀಕರಣ! ತಿಳಿ ನೀರಿಗೆ ಸೆಗಣಿ ಹಾಕಿ ಶುದ್ಧವಾಯಿತು ಎನ್ನುವ ಬುದ್ಧಿಗೆ ಕೊಳೆ ಯಾವುದು ಅಂತ ಹೇಗೆ ತಿಳಿದೀತು? ಆ ಕೆರೆಯ ಮೇಲಿನ ಹಕ್ಕನ್ನು ಮುಂಬಯಿ ಹೈಕೋರ್ಟು ಒಪ್ಪಿಕೊಳ್ಳಲು 1937ರವರೆಗೆ ಕಾಯಬೇಕಾಯಿತು. ಹಳೇ ಕತೆ ಅಂತೀರಾ? 2022ರ ನವೆಂಬರಿನಲ್ಲಿ ನಮ್ಮದೇ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರದಲ್ಲಿ, ಮದುವೆಗೆ ಬಂದಿದ್ದ ದಲಿತ ಹೆಣ್ಣುಮಗಳೊಬ್ಬಳು ಬಾಯಾರಿ ಬೀದಿಯ ತೊಂಬೆಯ ನಲ್ಲಿಯಲ್ಲಿ ನೀರು ಕುಡಿದಳು. ತೊಂಬೆಯ ನೀರನ್ನೆಲ್ಲ ಬಸಿದು ಗೋಮೂತ್ರದಲ್ಲಿ ತೊಳೆದರು. ಮಹಾಡಿಗೂ ಹೆಗ್ಗೋಠಾರಕ್ಕೂ ನಡುವೆ 95 ವರ್ಷ.

ಇದರ ಇನ್ನೊಂದು ಮಗ್ಗುಲೂ ಇದೆ. ಯಾವ ನೀರನ್ನು ಹುಟ್ಟಾ ಪವಿತ್ರ ಅಂತ ನಂಬುತ್ತಾರೋ ಆ ನೀರಿಗೆ ಏನನ್ನು ಸುರಿದರೂ ಅವರಿಗೆ ಗಾಬರಿ ಆಗುವುದಿಲ್ಲ. ಪೂಜೆಯ ಹೂವು, ದೇವರ ಹಳೇ ಪಟ, ಬಣ್ಣದ ಗಣಪತಿ, ಸತ್ತವರ ಬಟ್ಟೆ, ಪೇಟೆಯ ಚರಂಡಿ, ಎಲ್ಲಾ ಹೊಳೆಗೆ. ಗಂಗಮ್ಮ ತಾಯಿ ಎಲ್ಲಾ ತೊಳೀತಾಳೆ ಅಂತಾರೆ. ಹೊಲೆಗೆ ಹೆದರಿದವರು ಕೊಳೆಗೆ ಹೆದರಲಿಲ್ಲ.

ನಮ್ಮ ಸೀಮೆಯ ಕೊಳೆ ಯಾವುದು ಅಂತ ಬಿಡಿಸಿ ಹೇಳಬೇಕು, ಯಾಕೆಂದರೆ ಬಯಲುಸೀಮೆಯ ಓದುಗರಿಗೆ ಮಲೆನಾಡು ಅಂದರೆ ಮಂಜು, ಹಸಿರು ಅಷ್ಟೇ. ನವೆಂಬರ್, ಡಿಸೆಂಬರಿನಿಂದ ಇಲ್ಲಿ ಕಾಫಿ ಕುಯ್ಲು. ಹಣ್ಣು ಕುಯ್ದು ಪಲ್ಪರಿಗೆ ಹಾಕಿ ಸಿಪ್ಪೆ ಸುಲಿಯುತ್ತಾರೆ. ಬೀಜಕ್ಕೆ ಅಂಟಿದ ಲೋಳೆ ಬಿಡಲಿ ಅಂತ ತೊಟ್ಟಿಯಲ್ಲಿ ಹುಳಿಯಲು ಬಿಟ್ಟು ಆಮೇಲೆ ತೊಳೆಯುತ್ತಾರೆ. ತೊಳೆದ ನೀರಿನಲ್ಲಿ ಹಣ್ಣಿನ ಸಕ್ಕರೆ, ಲೋಳೆ, ಹುಳಿ ಎಲ್ಲ ಇರುತ್ತದೆ. ಅದು ಹಳ್ಳಕ್ಕೆ ಬಿದ್ದರೆ ಸೂಕ್ಷ್ಮಜೀವಿಗಳು ಆ ಸಕ್ಕರೆಗೆ ಮುಗಿಬಿದ್ದು, ನೀರಿನಲ್ಲಿ ಕರಗಿದ್ದ ಆಮ್ಲಜನಕವನ್ನು ತಿಂದು ಮುಗಿಸುತ್ತವೆ. ಮೀನು ಮೇಲೆ ಬಂದು ಬಾಯಿ ತೆರೆಯುತ್ತದೆ, ಉಸಿರುಕಟ್ಟಿ ಸಾಯುತ್ತದೆ. ಮಳೆಗಾಲವಾಗಿದ್ದರೆ ತುಂಬಿದ ಹೊಳೆ ಈ ನೀರನ್ನು ಕಲಸಿ ಕೊಂಡೊಯ್ಯುತ್ತಿತ್ತು. ಆದರೆ ಕುಯ್ಲು ಬರುವುದೇ ಹೊಳೆ ಸೊರಗುವ ಕಾಲಕ್ಕೆ. 1974ರ ಜಲಮಾಲಿನ್ಯ ಕಾಯಿದೆಯ ಪ್ರಕಾರ ಇದನ್ನು ಹೀಗೇ ಹರಿಯಬಿಡುವಂತಿಲ್ಲ. ಸುಣ್ಣ ಹಾಕಿ ಹುಳಿ ಇಳಿಸಬೇಕು, ಹೊಂಡದಲ್ಲಿ ನಿಲ್ಲಿಸಬೇಕು. ಮಾಡಿರುವ ತೋಟದವರಿದ್ದಾರೆ, ಇಲ್ಲವೆನ್ನುವುದಿಲ್ಲ. ಮಾಡದವರೂ ಇದ್ದಾರೆ. ರಾತ್ರಿ ಹೊತ್ತಿನಲ್ಲಿ ಹಳ್ಳದ ಬಣ್ಣ ಯಾವ ಆಫೀಸರಿಗೂ ಕಾಣುವುದಿಲ್ಲ. ಬೆಳಿಗ್ಗೆ ಕೊಡ ಹಿಡಿದು ಬಂದ ಲೈನ್ ಮನೆಯ ಹೆಂಗಸಿಗೆ ಮೂಗೇ ಹೇಳುತ್ತದೆ.

ಇಲ್ಲೇ ನಮ್ಮ ಪ್ರಶ್ನೆ ಇರುವುದು. ಆ ಹೆಂಗಸಿಗೆ ಎಲ್ಲ ಗೊತ್ತು. ಯಾವ ದಿನ ಬಿಟ್ಟರು, ಯಾವ ತೊಟ್ಟಿಯಿಂದ ಬಿಟ್ಟರು, ಎಷ್ಟು ದಿನ ಹಳ್ಳ ಹುಳಿ ನಾರಿತು, ಮಕ್ಕಳ ಮೈಗೆ ಯಾವಾಗ ತುರಿಕೆ ಬಂತು, ಎಲ್ಲ. ಅವಳು ಹೇಳುವುದಿಲ್ಲ. ಲೈನ್ ಮನೆ ಸಾಹುಕಾರರದು. ಹಾಜರಿ ಬರೆಯುವವನು ರೈಟರು. ಮಗಳ ಮದುವೆಗೆ ಇಸಕೊಂಡ ಮುಂಗಡ ಇನ್ನೂ ತೀರಿಲ್ಲ. ಪರಿಸರವಾದಿ ಗೆಳೆಯರು ಜನರಲ್ಲಿ ಅರಿವು ಮೂಡಿಸಬೇಕು ಅಂತಾರೆ. ಅರಿವು ಸಾಕಷ್ಟಿದೆ ಸ್ವಾಮಿ, ಅರಿತದ್ದನ್ನು ಹೇಳಿ ಮಾರನೇ ದಿನ ಹಾಜರಿ ಸಿಗುವ ದಾರಿ ಇಲ್ಲ. ಹೇಳಲಾಗದವಳ ಮೇಲೆ ಹೊಳೆ ಕಾಯುವ ಕರ್ತವ್ಯ ಹೊರಿಸುವುದು ಯಾವ ನೀತಿ?

ಸಂವಿಧಾನದಲ್ಲಿ ಈ ಎರಡೂ ಇವೆ. 15ನೇ ವಿಧಿಯ ಎರಡನೇ ಕಲಮಿನಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಬಳಕೆಗೆ ಜಾತಿಯ ಅಡ್ಡಿ ಇರಕೂಡದು ಎಂದು ಬರೆದದ್ದು 1950ರಲ್ಲಿ ಜಾರಿಗೆ ಬಂತು. ಕಾಡು, ಕೆರೆ, ನದಿ, ವನ್ಯಜೀವಿಗಳನ್ನು ಕಾಪಾಡುವುದು ಪ್ರತಿ ಪ್ರಜೆಯ ಕರ್ತವ್ಯ ಎಂಬ 51-ಎ ವಿಧಿ ಸೇರಿದ್ದು 1976ರಲ್ಲಿ. ಮೊದಲು ನೀರಿನ ಹಕ್ಕು, ಆಮೇಲೆ ನೀರಿನ ಕರ್ತವ್ಯ. ಈ ಕ್ರಮ ನಮಗೆ ಒಪ್ಪಿಗೆ. ಆದರೆ ಭಾಷಣಗಳಲ್ಲಿ ಎರಡನೆಯದು ಮಾತ್ರ ಕೇಳಿಸುತ್ತದೆ. ಇನ್ನೂ ಒಂದನ್ನು ಗೆಳೆಯರು ಗಮನಿಸಬೇಕು. ಪರಿಶಿಷ್ಟರು ಸಾಮಾನ್ಯವಾಗಿ ಬಳಸುವ ಒರತೆ, ಜಲಾಶಯ, ಯಾವುದೇ ನೀರಿನ ಮೂಲವನ್ನು ಬಳಕೆಗೆ ಬಾರದಂತೆ ಕೆಡಿಸುವುದು 1989ರ ದೌರ್ಜನ್ಯ ತಡೆ ಕಾಯಿದೆಯಲ್ಲಿ ಅಪರಾಧ. ಅಂದರೆ ನೀರು ಕೆಡಿಸುವುದು ಬರೀ ಮಾಲಿನ್ಯ ಅಲ್ಲ, ದೌರ್ಜನ್ಯವೂ ಆಗಬಹುದು ಎಂದು ಈ ದೇಶದ ಕಾನೂನು ಒಪ್ಪಿದೆ. ಲೈನಿನ ಕೆಳಗಿನ ಹಳ್ಳದ ನೀರನ್ನು ಈ ಕಣ್ಣಿನಿಂದ ನೋಡಿದ ಒಂದು ಹೊಳೆ ಸಭೆಯಲ್ಲೂ ನಾವು ಕೂತಿಲ್ಲ.

ಈಚೆಗೆ ನಮ್ಮ ಕಡೆ ನಡೆದ ಹೊಳೆ ಸ್ವಚ್ಛತೆಯ ಒಂದು ಭಾನುವಾರಕ್ಕೆ ನಾವು ನಾಲ್ಕೈದು ಹುಡುಗರು ಹೋಗಿದ್ದೆವು. ಕೈಗವಸು ಕೊಟ್ಟರು, ಟೋಪಿ ಕೊಟ್ಟರು, ಉಪ್ಪಿಟ್ಟು ಕೊಟ್ಟರು. ಎಲ್ಲರೂ ಒಟ್ಟಿಗೆ ನೀರಿಗಿಳಿದೆವು; ಯಾರೂ ಯಾರ ಜಾತಿ ಕೇಳಲಿಲ್ಲ, ಈ ಮಾತು ಹೇಳಲೇಬೇಕು. ಪ್ಲಾಸ್ಟಿಕ್, ಸೀಸೆ, ಹರಿದ ಬಟ್ಟೆ ಗುಡ್ಡೆ ಹಾಕಿದೆವು. ಆಮೇಲೆ ಭಾಷಣ ಆಯಿತು. ಹೊಳೆಯಲ್ಲಿ ಸೋಪು ಹಾಕಿ ಬಟ್ಟೆ ಒಗೆಯಬಾರದು, ದಂಡೆಯಲ್ಲಿ ಕೂರಬಾರದು ಅಂತ ಲೈನಿನವರಿಗೆ ಬುದ್ಧಿ ಹೇಳಿದರು. ಪಲ್ಪರ್ ಎಂಬ ಶಬ್ದ ಒಂದು ಸಲವೂ ಬರಲಿಲ್ಲ. ನಮ್ಮ ಪಕ್ಕ ನಿಂತಿದ್ದ ವಯಸ್ಸಾದ ಹೆಂಗಸು ಮೆಲ್ಲಗೆ ಅಂದಳು: "ಸೀಸೆ ಹೆಕ್ಕೋದು ಸರಿ ಕಣ್ರಪ್ಪಾ, ಮೇಲಿಂದ ಬರೋ ನೀರ ಯಾರು ಹೆಕ್ತಾರೆ?" ಗುಡ್ಡೆ ಹಾಕಿದ ಕಸವನ್ನು ಸೋಮವಾರ ಬೆಳಿಗ್ಗೆ ಟ್ರ್ಯಾಕ್ಟರಿಗೆ ತುಂಬಿದವರು ಪೌರಕಾರ್ಮಿಕರು. ಅವರಿಗೆ ಕೈಗವಸು ಇರಲಿಲ್ಲ. ಭಾನುವಾರ ಹೊಳೆ ತೊಳೆದರೆ ಸೇವೆ, ಸೋಮವಾರ ತೊಳೆದರೆ ಜಾತಿಕಸುಬು!

ಹಾಗಂತ ನಾವು ಶ್ರಮದಾನವನ್ನು ಹಳಿಯುವವರಲ್ಲ. ಹಾಸನದಲ್ಲಿ 2017ರಿಂದೀಚೆಗೆ ಹಸಿರುಭೂಮಿ ಪ್ರತಿಷ್ಠಾನದ ಗೆಳೆಯರು ಜಿಲ್ಲೆಯ ಕೆರೆ, ಕಲ್ಯಾಣಿಗಳ ಹೂಳೆತ್ತಲು ಜನರನ್ನು ಸೇರಿಸಿದ್ದಾರೆ. ಒಳ್ಳೆಯ ಕೆಲಸ. ಕಲ್ಯಾಣಿಯ ಮೆಟ್ಟಿಲುಗಳು ಮಣ್ಣಿನಿಂದ ಮೇಲೆ ಬರುವುದನ್ನು ನೋಡುವುದು ನಿಜಕ್ಕೂ ಚೆನ್ನ. ನಮಗೆ ಆಗ ಹೊಳೆಯುವುದು ಇಷ್ಟೇ: ಆ ಕಲ್ಲು ಹೊತ್ತವರಲ್ಲಿ ನಮ್ಮ ಅಜ್ಜಂದಿರೂ ಇದ್ದಿರಬಹುದು, ಆ ಮೆಟ್ಟಿಲಿಳಿದವರಲ್ಲಿ ಇರಲಿಲ್ಲ. ಹೂಳು ಎತ್ತಿ ಮುಗಿದ ದಿನ ಮೊದಲ ಕೊಡ ನೀರು ಯಾರು ತುಂಬಬೇಕು ಅಂತ ಊರು ಕೂತು ತೀರ್ಮಾನಿಸಿದರೆ ಆ ಕೆಲಸಕ್ಕೆ ಇನ್ನೊಂದು ಅರ್ಥ ಬರುತ್ತದೆ.

ಹೊಳೆ ಅಂದರೆ ನೀರಷ್ಟೇ ಅಲ್ಲ. ದಂಡೆಯ ಹೊಳೆಮತ್ತಿ, ಹೊಂಗೆ, ನೇರಳೆ, ಬಿದಿರು ಮೆಳೆ, ಎರಡು ಗುಡ್ಡದ ನಡುವಿನ ಗದ್ದೆಬಯಲು, ಅಲ್ಲಿನ ಏಡಿ, ಕೊಕ್ಕರೆ, ಕಪ್ಪೆ, ಇಷ್ಟೂ ಸೇರಿ ಹೊಳೆ. ಮಳೆಗಾಲದ ಮೊದಲ ನೆರೆಗೆ ಹೊಳೆಯ ಮೀನು ಹಳ್ಳ ಹತ್ತಿ ಗದ್ದೆಗೆ ಬರುತ್ತಿತ್ತು. ಹತ್ಮೀನು ಅಂತೀವಿ. ನಮ್ಮವರು ಕೂಳಿ ಹಾಕಿ ಹಿಡಿಯುತ್ತಿದ್ದರು. ವರ್ಷದಲ್ಲಿ ಕೂಲಿ ಇಲ್ಲದ ದಿನಗಳಲ್ಲಿ ಅದೇ ಸಾರು, ಜೊತೆಗೆ ಕಳಲೆ, ಕೆಸುವಿನ ಸೊಪ್ಪು. ಗದ್ದೆಬಯಲು ಮಳೆನೀರನ್ನು ತಡೆದು ನಿಲ್ಲಿಸಿ, ಭೂಮಿಗೆ ಇಳಿಸಿ, ಬೇಸಿಗೆಯಲ್ಲಿ ಹಳ್ಳಕ್ಕೆ ಮೆಲ್ಲಗೆ ಬಿಡುತ್ತಿತ್ತು. ಈಗ ಭತ್ತ ಗಿಟ್ಟುವುದಿಲ್ಲ. ಗದ್ದೆ ಪಾಳು ಬಿತ್ತು, ಇಲ್ಲವೇ ಬಸಿಗಾಲುವೆ ತೋಡಿ ಶುಂಠಿ, ಅಡಿಕೆ, ಕಾಫಿ ಹಾಕಿದರು. ನೀರು ನಿಲ್ಲುವ ಜಾಗ ನೀರನ್ನು ಓಡಿಸುವ ಜಾಗ ಆಯಿತು. ಮಾರ್ಚಿಯಲ್ಲಿ ಹೊಳೆ ಒಣಗಿತು ಅಂತ ಅಳುವವರು ಗದ್ದೆಯ ಲೆಕ್ಕ ಮೊದಲು ತೆಗೆಯಲಿ. ಗದ್ದೆ ಉಳಿಸಬೇಕು ಅನ್ನುವವರು ಇದನ್ನೂ ನೆನೆಯಲಿ: ಕಾಲುಗಂಟೆ ಬೆನ್ನೆತ್ತದೆ, ಸುರಿಯುವ ಮಳೆಯಲ್ಲಿ, ಗೊರಗು ಹೊತ್ತು ನಾಟಿ ಹಾಕಿದವರು ನಮ್ಮ ತಾಯಂದಿರು. ಆ ಗದ್ದೆಗಳಲ್ಲಿ ಅವರಿಗೆ ಒಂದು ಗುಂಟೆಯೂ ಇರಲಿಲ್ಲ. ಹಳೇ ಕೂಲಿಗೆ, ಹಳೇ ಗೌಡಿಕೆಗೆ ಯಾರೂ ಮತ್ತೆ ಬೆನ್ನು ಬಗ್ಗಿಸುವುದಿಲ್ಲ. ಗದ್ದೆ ಬರಬೇಕಾದರೆ ನಾಟಿ ಹಾಕುವವಳಿಗೆ ಅದರಲ್ಲಿ ಪಾಲು ಬರಬೇಕು.

ಆನೆಯ ಮಾತೂ ಇದಕ್ಕೇ ಸೇರಿದ್ದು. 1979ರಲ್ಲಿ ಗೊರೂರಿನಲ್ಲಿ ಹೇಮಾವತಿಗೆ ಕಟ್ಟೆ ಕಟ್ಟಿ ಸುಮಾರು 37 ಟಿ.ಎಂ.ಸಿ. ನೀರು ನಿಲ್ಲಿಸಿದರು. ಊರುಗಳು ಮುಳುಗಿದವು. ಮುಳುಗಡೆಯವರಿಗೆ ನಮ್ಮ ಕಾಡಂಚಿನಲ್ಲೂ ಭೂಮಿ ತೋರಿಸಿದರು. ಶೆಟ್ಟಿಹಳ್ಳಿಯ ಮುಳುಗಿದ ಇಗರ್ಜಿ ನೋಡಲು ಈಗ ಕಾರುಗಳು ಸಾಲುಗಟ್ಟಿ ಬರುತ್ತವೆ. ಮುಳುಗಿದ ಕೇರಿಗಳ ಮಣ್ಣುಗೋಡೆಗೆ ನೀರಿನಿಂದ ಮೇಲೇಳುವಷ್ಟು ಗಟ್ಟಿತನ ಇರಲಿಲ್ಲ. ಕಾಡು ಚೂರಾಯಿತು, ಆನೆ ತೋಟಕ್ಕೆ ಬಂತು. 2014ರಲ್ಲಿ ಆಲೂರು ಕಡೆಯ ಆನೆಗಳನ್ನು ಹಿಡಿದು ಸಾಗಿಸಿದರು, ಮತ್ತೆ ಬಂದವು. 2023ರ ಡಿಸೆಂಬರ್ 4ರಂದು ನಮ್ಮ ಯಸಳೂರು ಭಾಗದಲ್ಲಿ ಕಾಡಾನೆ ಹಿಡಿಯುವಾಗ ದಸರಾ ಆನೆ ಅರ್ಜುನ ಸತ್ತಾಗ ನಾಡೇ ಅತ್ತಿತು. ನಾವೂ ಅತ್ತೆವು. ಬೆಳಗಿನ ಹಾಜರಿಗೆ ಮಂಜಿನಲ್ಲಿ ನಡೆದು ಹೋಗುವಾಗ ಆನೆಗೆ ಸಿಕ್ಕ ತೋಟದ ಕೂಲಿಯವರು ಎಷ್ಟು ಜನ? ಅವರ ಹೆಸರು ನಮ್ಮ ತಾಲ್ಲೂಕಿನವರಿಗೇ ನೆನಪಿಲ್ಲ. ಆನೆಗೆ ಜಾಗ ಬೇಕು ಎಂಬುದನ್ನು ನಾವು ಒಪ್ಪುತ್ತೇವೆ. ಆ ಜಾಗವನ್ನು ಸಾವಿರ ಎಕರೆಯವರು ಬಿಡಬೇಕೋ, ಎರಡು ಎಕರೆ ಮಂಜೂರಾತಿಗೆ ಕಾಯುತ್ತಾ ಕೂತವರು ಬಿಡಬೇಕೋ ಅಂತ ಮಾತ್ರ ಕೇಳುತ್ತೇವೆ.

ನಮ್ಮೊಳಗೇ ಒಂದು ಆಕ್ಷೇಪಣೆ ಇದೆ. ಸಂಘಟನೆಯ ಹಿರಿಯ ಅಣ್ಣಂದಿರು, ಭೂಮಿ ಇಲ್ಲ, ಮನೆ ಇಲ್ಲ, ಸ್ಮಶಾನಕ್ಕೆ ಜಾಗ ಇಲ್ಲ, ನೀವು ಮೀನು, ಗಿಡ ಅಂತ ಹೊರಟಿದ್ದೀರಲ್ಲಾ ಅಂತಾರೆ. ಹೊಳೆ ಎಂಬುದು ಹೊಟ್ಟೆ ತುಂಬಿದವರ ಚಿಂತೆ ಅಂತ. ನಾವು ಒಪ್ಪುವುದಿಲ್ಲ. 1980ರ ದಶಕದಲ್ಲಿ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯ ನೀರಿನಿಂದ ತುಂಗಭದ್ರೆಯ ಮೀನು ತೇಲಿದಾಗ ಮೊದಲು ಅನ್ನ ಕಳೆದುಕೊಂಡವರು ಬಲೆ ಬೀಸಿ ಬದುಕುವವರು. ಹೊಟ್ಟೆ ತುಂಬಿದವರಿಗೆ ಹೊಳೆ ಕೆಟ್ಟರೆ ಬೋರ್‌ವೆಲ್ ಇದೆ, ಕ್ಯಾನಿನ ನೀರಿದೆ. ಹೊಳೆಯೊಂದೇ ಇರುವವರು ನಾವು. ಗದ್ದೆ ಇಲ್ಲದವನಿಗೂ ಹೊಳೆಯ ಏಡಿ ಸಿಗುತ್ತಿತ್ತಲ್ಲ, ಅದಕ್ಕೆ ಯಾರ ಪಹಣಿಯೂ ಬೇಕಿರಲಿಲ್ಲ.

ಕಷ್ಟದ ಪ್ರಶ್ನೆ ಬೇರೆ ಇದೆ. ನಮ್ಮ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ ನೇತ್ರಾವತಿಯ ಕಡೆ ಹರಿಯುವ ಎತ್ತಿನಹೊಳೆ ಮತ್ತದರ ಜೊತೆಯ ಹಳ್ಳಗಳಿಗೆ ಎಂಟು ಒಡ್ಡು ಕಟ್ಟಿ, 24.01 ಟಿ.ಎಂ.ಸಿ. ನೀರನ್ನು ಪೂರ್ವಕ್ಕೆ ಎತ್ತುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಶುರುವಾಯಿತು. ಖರ್ಚಿನ ಅಂದಾಜು 23 ಸಾವಿರ ಕೋಟಿ ರೂಪಾಯಿ ದಾಟಿದೆ. ಸುರಂಗ, ಪೈಪು, ರಸ್ತೆಗೆ ಗುಡ್ಡ ಸೀಳಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಬೇಡ ಅನ್ನಲು ನಾಲಿಗೆ ತೆರೆದರೆ ಕೋಲಾರದ ಕೇರಿಯ ತಾಯಿ ಕಣ್ಣ ಮುಂದೆ ಬರುತ್ತಾಳೆ. ಸಾವಿರಾರು ಅಡಿ ಆಳದ ಫ್ಲೋರೈಡ್ ನೀರು ಕುಡಿದು ಅವಳ ಮಕ್ಕಳ ಹಲ್ಲು ಕಂದಿವೆ. ಅವಳಿಗೆ ಕೊಡಬೇಡಿ ಅನ್ನಲು ನಾವು ಯಾರು? ನೀರು ನಮ್ಮದು ಅನ್ನುವುದು ಮಹಾಡಿನ ಸವರ್ಣೀಯರ ಮಾತು. ಆದರೆ ಒಂದು ಲೆಕ್ಕ ಕೇಳಬಹುದು. ನಮ್ಮ ಹೇಮಾವತಿ ಸೇರಿದ ಕಾವೇರಿಯನ್ನು ಬೆಂಗಳೂರು ಕುಡಿಯುತ್ತದೆ. ಕುಡಿದು ಬಿಟ್ಟ ಕೊಳಚೆಯನ್ನು ಎರಡು ಹಂತ ಸೋಸಿ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬಿಡುತ್ತಾರೆ. ಮೇಲ್ಗಡೆಯವರು ಮಿಂದ ನೀರು ಕೆಳಗಡೆಯವರಿಗೆ. ನಮ್ಮ ಅಜ್ಜಿಯರ ಹೊಳೆಯ ಕಟ್ಟಳೆ ಪೈಪಿನೊಳಗೂ ನಡೆದಿದೆ. ಎತ್ತಿನಹೊಳೆಯ ನೀರು ಆ ತಾಯಿಯ ಕೊಡಕ್ಕೇ ಹೋಗುತ್ತದೆ ಎಂಬ ಖಾತ್ರಿ ಯಾರು ಕೊಟ್ಟಿದ್ದಾರೆ?

ಹಾಗಾದರೆ ಹೊಳೆಯ ಪರವಾಗಿ ಮಾತಾಡುವವರು ಯಾರಿರಬೇಕು? 2017ರ ಮಾರ್ಚಿಯಲ್ಲಿ ನ್ಯೂಜಿಲೆಂಡಿನ ಸಂಸತ್ತು ವಾಂಗನೂಯಿ ನದಿಗೆ ಮನುಷ್ಯನಿಗಿರುವಂಥ ಕಾನೂನಿನ ಹಕ್ಕು ಕೊಟ್ಟಿತು. ಇಬ್ಬರು ಪಾಲಕರು: ಒಬ್ಬರು ಸರ್ಕಾರದ ಕಡೆಯಿಂದ, ಒಬ್ಬರು ದಂಡೆಯ ಮಾವೋರಿ ಜನರ ಕಡೆಯಿಂದ. ಆ ಜನ ನೂರು ವರ್ಷಕ್ಕೂ ಮೇಲೆ ಹೊಳೆಗಾಗಿ ವ್ಯಾಜ್ಯ ಹೂಡಿದವರು. ಆ ಕಾಯಿದೆಯಲ್ಲಿ ಅವರಿಗೆ ಮಾಡಿದ ಅನ್ಯಾಯಕ್ಕೆ ಸರ್ಕಾರದ ಕ್ಷಮಾಪಣೆಯೂ ಸೇರಿತ್ತು. ಅದೇ ತಿಂಗಳ 20ರಂದು, ಮಹಾಡಿಗೆ ಸರಿಯಾಗಿ 90 ವರ್ಷ ತುಂಬಿದ ದಿನ, ಉತ್ತರಾಖಂಡದ ಹೈಕೋರ್ಟು ಗಂಗೆ, ಯಮುನೆಯರಿಗೆ ಅಂಥದೇ ಹಕ್ಕು ಘೋಷಿಸಿತು. ಪಾಲಕರು ಯಾರು? ಮುಖ್ಯ ಕಾರ್ಯದರ್ಶಿ, ಅಡ್ವೊಕೇಟ್ ಜನರಲ್, ಯೋಜನೆಯ ನಿರ್ದೇಶಕರು. ಅಂಬಿಗನಿಲ್ಲ, ದಂಡೆಯಲ್ಲಿ ಹೆಣ ಸುಡುವವನಿಲ್ಲ, ಬಟ್ಟೆ ಒಗೆಯುವವಳಿಲ್ಲ. ಜುಲೈಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು.

ಅಷ್ಟು ದೂರ ಹೋಗಬೇಕಾಗಿಲ್ಲ. 2002ರ ಜೀವವೈವಿಧ್ಯ ಕಾಯಿದೆಯಡಿ ಪ್ರತಿ ಪಂಚಾಯಿತಿಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡ, ಮೀನು, ಹಕ್ಕಿ, ಹಳ್ಳಗಳ ದಾಖಲೆ ಪುಸ್ತಕ ಬರೆಸಬೇಕು. 2004ರ ನಿಯಮಗಳು ಸಮಿತಿಯಲ್ಲಿ ಮೂರನೇ ಒಂದು ಭಾಗ ಹೆಂಗಸರು, ಶೇಕಡ 18 ಪರಿಶಿಷ್ಟರು ಇರಲೇಬೇಕು ಎಂದು ಹೇಳಿದ್ದವು. ಹಳ್ಳಿ ಮೇಷ್ಟ್ರುಗಳೇ, ನಿಮ್ಮ ಪಂಚಾಯಿತಿಯ ಆ ಪುಸ್ತಕವನ್ನು ಒಮ್ಮೆ ಕೇಳಿ ನೋಡಿ. ಇದ್ದರೆ, ಹತ್ಮೀನು ಯಾವ ಹಳ್ಳ ಹತ್ತುತ್ತಿತ್ತು, ಯಾವ ಮಡುವಿನಲ್ಲಿ ಬೇಸಿಗೆಗೂ ನೀರು ನಿಲ್ಲುತ್ತಿತ್ತು, ಯಾವ ವರ್ಷದಿಂದ ಏಡಿ ಕಾಣೆಯಾಯಿತು, ಯಾವ ತಿಂಗಳ ಯಾವ ದಿನ ನೀರು ಹುಳಿ ನಾರಿತು ಎಂಬುದು ಅದರಲ್ಲಿದೆಯೇ ನೋಡಿ. ಇದನ್ನೆಲ್ಲ ಹೇಳಬಲ್ಲವಳು ಲೈನಿನಲ್ಲಿದ್ದಾಳೆ. ಒಬ್ಬಳೇ ಹೇಳಿದರೆ ಹಾಜರಿ ಹೋಗುತ್ತದೆ. ಇಡೀ ಲೈನು, ಇಡೀ ಕಾಲೋನಿ ಒಟ್ಟಿಗೆ ಹೇಳಿ, ಬರೆದವರು ಕೆಳಗೆ ರುಜು ಹಾಕಿದರೆ ಯಾರನ್ನು ಅಂತ ತೆಗೆಯುತ್ತಾರೆ? ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಅವಳಿಗೆ ಒಂದು ದಿನದ ಕೂಲಿ ಹೋಯಿತು. ಸಂಜೆ ಕರೆದರೆ ಕತ್ತಲಾಗುವ ಮುಂಚೆ ಆನೆ ದಾರಿ ದಾಟಿ ಮನೆ ಸೇರಬೇಕು. ಹಾಗಾಗಿ ಪುಸ್ತಕವೇ ಲೈನಿಗೆ ಹೋಗಬೇಕು, ಈ ಸಲದ ಕುಯ್ಲು ಶುರುವಾಗುವ ಮುಂಚೆ.